ಹಿಡಿದವನ ಹೆಸರು

ಕಬಡ್ಡಿಯನ್ನು ಬಲ್ಲವರನ್ನು ನೆನಪಿನಲ್ಲುಳಿದ ಐವರು ಆಟಗಾರರನ್ನು ಹೆಸರಿಸಿರೆಂದು ಕೇಳಿದರೆ, ಅವರಲ್ಲಿ ನಾಲ್ವರಾದರೂ ದಾಳಿಗೆ ಹೋಗುವವರೇ ಆಗಿರುತ್ತಾರೆ. ಎದುರಾಳಿಯ ಅಂಗಳಕ್ಕೆ ಒಬ್ಬನೇ ನುಗ್ಗಿ, ಉಸಿರು ಕಟ್ಟಿ ಏಳು ಮಂದಿಯ ನಡುವೆ ಸುಳಿದಾಡಿ, ಯಾರನ್ನೋ ಮುಟ್ಟಿ ನಡುಗೆರೆಗೆ ಮರಳುವವನು ಕಣ್ಣಿಗೂ ಕಾಣುತ್ತಾನೆ, ಮಾತಿಗೂ ಸಿಗುತ್ತಾನೆ. ಅವನ ಕಾಲು ಹಿಡಿದು ಕೆಡವಿದವನು ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದು ಮತ್ತೆ ತನ್ನ ಮೂಲೆಗೆ ಹೋಗಿ ನಿಲ್ಲುತ್ತಾನೆ. ಈ ಲೇಖನ ಆ ಎರಡನೆಯವನನ್ನು ಕುರಿತದ್ದು. ಅವನ ವೃತ್ತಿಜೀವನ ಎಂಥದು, ಅದು ಮುಗಿದ ಮೇಲೆ ಅವನ ಕೈಯಲ್ಲಿ ಏನು ಉಳಿಯುತ್ತದೆ, ಹೊರನಾಡಿನಲ್ಲಿ ನೆಲೆಸಿ ಹಬ್ಬಹರಿದಿನಗಳಲ್ಲಿ ಪಂದ್ಯಾವಳಿ ನಡೆಸುವ ನಮ್ಮಂಥವರಿಗೆ ಆ ಬಗ್ಗೆ ಏನಾದರೂ ಹೊಣೆಯುಂಟೇ ಎಂಬುದು ನಮ್ಮ ಪ್ರಶ್ನೆ. ಉಂಟು ಎಂಬುದು ನಮ್ಮ ನಿಲುವು. ಅದಕ್ಕೆ ಕಾರಣಗಳನ್ನು ಮುಂದೆ ಒಂದೊಂದಾಗಿ ಹೇಳುತ್ತೇವೆ.

ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಪಿಂಪಳಗಾಂವ್ ಬಸವಂತ್ ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ ಊರು. ಈರುಳ್ಳಿ, ಟೊಮೆಟೊ, ದ್ರಾಕ್ಷಿಗಳ ವ್ಯಾಪಾರದಿಂದ ಅದು ಹೆಸರಾಗಿದೆ. ಊರ ಹೆಸರಿನ ಕೊನೆಯ ಪದ ಕನ್ನಡದ ಕಿವಿಗೆ ಮನೆಯ ಮಾತಿನಂತೆಯೇ ಕೇಳಿಸುತ್ತದೆ. ಅದೇ ಹೆದ್ದಾರಿಯಲ್ಲಿ ನಾಸಿಕ್ ಕಡೆಗೆ ಸ್ವಲ್ಪ ದೂರ ಹೋದರೆ ಓಝರ್ ಸಿಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ 1964ರಲ್ಲಿ ಅಲ್ಲಿ ವಿಮಾನ ಕಾರ್ಖಾನೆ ತೆರೆಯಿತು. ಉದ್ಯೋಗ, ಹೋಟೆಲು, ವ್ಯಾಪಾರಗಳ ನೆವದಲ್ಲಿ ಈ ಸೀಮೆಗೆ ಬಂದ ಕನ್ನಡಿಗರ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆಯುತ್ತಾರೆ. ಆ ಎರಡು ಭಾಷೆಗಳ ನಡುವೆ ಅವರಿಗೆ ಅನುವಾದ ಬೇಡವಾದ ಸಂಗತಿಗಳು ಕೆಲವುಂಟು. ಅವುಗಳಲ್ಲಿ ಕಬಡ್ಡಿ ಒಂದು. ಇಲ್ಲಿ ಹಿರಿಯರು ಅದನ್ನು ‘ಹುತುತು’ ಎಂದು ನೆನೆಯುತ್ತಾರೆ. ದಾಳಿಗೆ ‘ಚಢಾಯಿ’, ಹಿಡಿತಕ್ಕೆ ‘ಪಕಡ್’ ಎನ್ನುತ್ತಾರೆ. ಮಾತು ಯಾವುದಾದರೂ ಅಂಗಳ ಅದೇ, ಗೆರೆ ಅದೇ, ಉಸಿರೂ ಅದೇ.

ಆಟದ ಲೆಕ್ಕವನ್ನು ಮೊದಲು ನೋಡೋಣ. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ತಂಡಕ್ಕೆ ಏಳು ಮಂದಿ. ಒಂದು ದಾಳಿಗೆ 30 ಸೆಕೆಂಡು. ಪಂದ್ಯ 20 ನಿಮಿಷಗಳ ಎರಡು ಅವಧಿಗಳದು. ಹಿಡಿಯುವ ತಂಡದಲ್ಲಿ ಎಡ ಮತ್ತು ಬಲ ತುದಿಗಳಲ್ಲಿ ನಿಲ್ಲುವವರು ಕಾರ್ನರ್‌ಗಳು, ಅವರ ಒಳಬದಿಯಲ್ಲಿ ನಿಲ್ಲುವವರು ಕವರ್‌ಗಳು. ಕಾರ್ನರ್ ಆಟಗಾರನ ಮುಖ್ಯ ಆಯುಧ ಹರಡು ಹಿಡಿತ. ದಾಳಿಗಾರ ಕಾಲು ಚಾಚಿದ ಕ್ಷಣವನ್ನೇ ಕಾದು, ನೆಲಕ್ಕೆ ಹಾರಿ, ಎರಡೂ ಕೈಗಳಿಂದ ಅವನ ಹರಡನ್ನು ಸೆಳೆದುಕೊಳ್ಳಬೇಕು. ಆ ಕ್ಷಣದಲ್ಲಿ ಹಿಡಿಯುವವನ ತಲೆ ದಾಳಿಗಾರನ ಮೊಣಕಾಲಿನ ಎತ್ತರದಲ್ಲಿರುತ್ತದೆ, ಮುಖ ಅವನ ಪಾದದ ಎದುರಿನಲ್ಲಿರುತ್ತದೆ. ಕವರ್ ಆಟಗಾರ ತೊಡೆ ಹಿಡಿಯುತ್ತಾನೆ, ಅಡ್ಡಗಟ್ಟುತ್ತಾನೆ, ಭುಜ ಕೊಟ್ಟು ಗೆರೆಯಾಚೆಗೆ ತಳ್ಳುತ್ತಾನೆ. ಮುಂದೆ ಬಿದ್ದವನು ತಪ್ಪಿದರೆ ಅವನೂ ಔಟು, ಅವನನ್ನು ನಂಬಿ ಕೈಜೋಡಿಸಿದವರೂ ಔಟು. ದಾಳಿಗಾರನಿಗೆ ಬರಿಗೈಯಲ್ಲಿ ಮರಳುವ ಅವಕಾಶವುಂಟು. ಹಿಡಿಯಲು ಹಾರಿದವನಿಗೆ ನಡುದಾರಿ ಇಲ್ಲ.

ಇಷ್ಟಾದರೂ ಅಂಕಗಳ ಪುಸ್ತಕ ಅವನನ್ನು ಕಾಣುವ ಬಗೆಯೇ ಬೇರೆ. ಒಂದು ದಾಳಿಯಲ್ಲಿ ಒಬ್ಬ ಎರಡು, ಮೂರು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಂಕಗಳನ್ನೂ ತರಬಲ್ಲ. ಒಂದು ಹಿಡಿತಕ್ಕೆ ಸಾಮಾನ್ಯವಾಗಿ ಒಂದೇ ಅಂಕ. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ಹಿಡಿದರೆ ಮಾತ್ರ ಎರಡು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ದಾಳಿಗಾರನ ದೊಡ್ಡ ಸಾಧನೆಗೆ ‘ಸೂಪರ್ ಟೆನ್’ ಎಂದು ಹೆಸರು, ಹಿಡಿತಗಾರನ ದೊಡ್ಡ ಸಾಧನೆಗೆ ‘ಹೈ ಫೈವ್’ ಎಂದು ಹೆಸರು. ಹತ್ತಕ್ಕೆ ಐದು ಎಂಬ ಈ ಅನುಪಾತ ಹೆಸರಿನಲ್ಲೇ ಅಡಗಿದೆ. ಐದನೆಯ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್ ಒಂದೇ ಋತುವಿನಲ್ಲಿ 369 ದಾಳಿ ಅಂಕ ಗಳಿಸಿದರು. ಆರನೆಯ ಆವೃತ್ತಿಯಲ್ಲಿ ನಿತೇಶ್ ಕುಮಾರ್ ಒಂದು ಋತುವಿನಲ್ಲಿ ಹಿಡಿತದಿಂದಲೇ 100 ಅಂಕ ಮುಟ್ಟಿದ ಮೊದಲ ಆಟಗಾರರಾದರು. ಎರಡೂ ಅಸಾಧಾರಣ ಸಾಧನೆಗಳು. ಆದರೆ ಸಂಖ್ಯೆಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟರೆ ಎರಡನೆಯದು ಮೊದಲನೆಯದರ ಮೂರನೆಯ ಒಂದು ಭಾಗಕ್ಕಿಂತ ಕಿರಿದಾಗಿ ಕಾಣುತ್ತದೆ. ಇನ್ನೊಂದು ಸಂಗತಿಯೂ ಇದೆ. ಸರಪಳಿ ಹಿಡಿತದಲ್ಲಿ ನಾಲ್ವರು ಮುಗಿಬಿದ್ದರೂ ಅಂಕ ದಾಖಲಾಗುವುದು ಒಬ್ಬನ ಹೆಸರಿನಲ್ಲಿ. ಉಳಿದ ಮೂವರ ಬೆವರಿಗೆ ಪುಟವಿಲ್ಲ.

ಹಣದ ಮಾತು ಬಂದಾಗ ಚಿತ್ರ ಅಷ್ಟು ಸರಳವಲ್ಲ ಎಂಬುದನ್ನೂ ಒಪ್ಪಬೇಕು. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. ನಾಲ್ಕು ವರ್ಷಗಳ ಬಳಿಕ, 2018ರ ಹರಾಜಿನಲ್ಲಿ, ಒಂದು ಕೋಟಿಯ ಗೆರೆಯನ್ನು ಮೊದಲು ಮುಟ್ಟಿದವರು ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ, ಅಂದರೆ ಒಬ್ಬ ಹಿಡಿತಗಾರ. ಆದರೆ ಅದೇ ಹರಾಜಿನಲ್ಲಿ ಮೋನು ಗೋಯತ್ 1.51 ಕೋಟಿ, ರಾಹುಲ್ ಚೌಧರಿ 1.29 ಕೋಟಿ, ಮುಂಬಯಿಯಲ್ಲಿ ಬೆಳೆದ ರಿಶಾಂಕ್ ದೇವಾಡಿಗ 1.11 ಕೋಟಿ ಪಡೆದು ಆ ಗೆರೆಯನ್ನು ದಾಟಿ ಮುಂದೆ ಹೋದರು. ಈ ಮೂವರೂ ದಾಳಿಗಾರರು. ರಿಶಾಂಕರ ಏಳಿಗೆಯನ್ನು ಮುಂಬಯಿ ಕನ್ನಡಿಗರು ತಮ್ಮ ಮನೆಯ ಹುಡುಗನ ಏಳಿಗೆಯಂತೆಯೇ ಸಂಭ್ರಮಿಸಿದರು. ಅದು ಸಹಜವೂ ಹೌದು. 2023ರಲ್ಲಿ ಇರಾನಿನ ಮತ್ತೊಬ್ಬ ಎಡ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿ 2.35 ಕೋಟಿಗೆ ಪುಣೇರಿ ಪಲ್ಟನ್ ಸೇರಿದರು. ಮೇಲ್ತುದಿಯ ಕೆಲವರ ಮಟ್ಟಿಗೆ ಅಂತರ ಕಿರಿದಾಗುತ್ತಿದೆ ಎನ್ನಬಹುದು. ಆದರೆ ಒಂದು ಕಲೆಯ ಯೋಗಕ್ಷೇಮವನ್ನು ಅದರ ಅತ್ಯುತ್ತಮ ಇಬ್ಬರಿಂದ ಅಳೆಯಲಾಗದು. ಹರಾಜಿನ ಪಟ್ಟಿಯ ಹೊರಗೆ, ಜಿಲ್ಲೆ ತಾಲೂಕುಗಳ ಪಂದ್ಯಗಳಲ್ಲಿ ವರ್ಷಗಟ್ಟಲೆ ಕಾಲು ಹಿಡಿಯುವವರನ್ನು ಕುರಿತೇ ನಮ್ಮ ಚಿಂತೆ.

ಜಗತ್ತಿನಲ್ಲಿ ಹಿಡಿಯುವವನ ವೃತ್ತಿಯನ್ನು ಅತ್ಯಂತ ದೊಡ್ಡ ಉದ್ಯಮವಾಗಿ ಬೆಳೆಸಿದ ಆಟ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಚೆಂಡು ಹೊತ್ತು ಓಡುವ ಹನ್ನೊಂದು ಮಂದಿ ಬೇರೆ, ಅವರನ್ನು ತಡೆದು ಕೆಡವುವ ಹನ್ನೊಂದು ಮಂದಿ ಬೇರೆ; ಒಬ್ಬ ತನ್ನ ಇಡೀ ವೃತ್ತಿಜೀವನವನ್ನು ತಡೆಯುವುದರಲ್ಲೇ ಕಳೆಯುತ್ತಾನೆ. ಭಾರತೀಯ ತಂದೆಯ ಮಗ ಬ್ರ್ಯಾಂಡನ್ ಚಿಲ್ಲರ್ ಅಂಥ ಒಬ್ಬ ರಕ್ಷಣಾ ಆಟಗಾರ. 2004ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಸೇರಿ, 2008ರಿಂದ ಗ್ರೀನ್ ಬೇ ಪ್ಯಾಕರ್ಸ್ ಪರ ಆಡಿದರು. 2011ರ ಫೆಬ್ರವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಾಗ ಅವರು ಗಾಯಗೊಂಡು ಹೊರಗುಳಿದಿದ್ದರು. ಅದೇ ವರ್ಷ ಭಾರತದಲ್ಲಿ ಎಲೈಟ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿ ಈ ಆಟವನ್ನು ಬಿತ್ತಲು ಹೊರಟವರಿಗೆ ಬಂಡವಾಳ ಕೊಟ್ಟವರಲ್ಲಿ ಅವರೂ ಒಬ್ಬರು. ಪುಣೆ, ಬೆಂಗಳೂರು, ಮುಂಬಯಿಗಳ ಹೆಸರಿನ ತಂಡಗಳೂ ಕಟ್ಟಲ್ಪಟ್ಟವು. ಆದರೆ ಬೆಳೆ ನಿಲ್ಲಲಿಲ್ಲ. ಕಾಲು ಹಿಡಿದು ಕೆಡವುವ ವಿದ್ಯೆ ಈ ನೆಲದಲ್ಲಿ ಬೇರೊಂದು ಹೆಸರಿನಲ್ಲಿ ಮೊದಲೇ ಬೇರೂರಿತ್ತು.

ಆ ಆಟದ ಇತಿಹಾಸದಲ್ಲಿ ನಮಗೆ ಪಾಠವಾಗಬಲ್ಲ ಜೀವನ ಅಲನ್ ಪೇಜ್ ಅವರದು. 1945ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಹುಟ್ಟಿದ ಪೇಜ್ ತರುಣರಾಗಿದ್ದಾಗ, ಅದೇ ಊರಿನಲ್ಲಿ ಏಳುತ್ತಿದ್ದ ಫುಟ್‌ಬಾಲ್ ಗೌರವ ಭವನದ ಕಟ್ಟಡ ಕೆಲಸಕ್ಕೆ ಹೋಗಿದ್ದರು. 1988ರಲ್ಲಿ ಅದೇ ಭವನ ಅವರನ್ನು ಗೌರವ ಸದಸ್ಯರನ್ನಾಗಿ ಬರಮಾಡಿಕೊಂಡಿತು. 1967ರಿಂದ 1981ರವರೆಗೆ ಮಿನ್ನೆಸೋಟ ವೈಕಿಂಗ್ಸ್ ಮತ್ತು ಶಿಕಾಗೋ ಬೇರ್ಸ್ ತಂಡಗಳಲ್ಲಿ ರಕ್ಷಣಾ ಸಾಲಿನ ನಡುವೆ ನಿಂತು ಆಡಿದರು. 1971ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದರು. ಅಸೋಸಿಯೇಟೆಡ್ ಪ್ರೆಸ್ ಕೊಡುವ ಆ ಪ್ರಶಸ್ತಿ ರಕ್ಷಣಾ ಆಟಗಾರನೊಬ್ಬನಿಗೆ ಸಂದಿದ್ದು ಅದೇ ಮೊದಲು. ಎರಡನೆಯ ಬಾರಿ ಸಂದಿದ್ದು 1986ರಲ್ಲಿ ಲಾರೆನ್ಸ್ ಟೇಲರ್ ಅವರಿಗೆ. ಆಮೇಲಿನ ದಶಕಗಳಲ್ಲಿ ಅದು ಮತ್ತೆ ಚೆಂಡು ಹೊತ್ತವರ ಪಾಲೇ ಆಗಿ ಉಳಿಯಿತು.

ಪೇಜ್ ಅವರ ದಾಖಲೆಯಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಚೆಂಡೆಸೆಯುವ ನಾಯಕನನ್ನು ಎಸೆತಕ್ಕೆ ಮುನ್ನವೇ ಕೆಡವುವುದಕ್ಕೆ ಅಲ್ಲಿ ‘ಸ್ಯಾಕ್’ ಎನ್ನುತ್ತಾರೆ. ರಕ್ಷಣಾ ಆಟಗಾರನಿಗೆ ಅದಕ್ಕಿಂತ ದೊಡ್ಡ ಸಾಧನೆ ಕಡಿಮೆ. ಆದರೆ ಲೀಗ್ ಅದನ್ನು ಆಟಗಾರನ ಹೆಸರಿನಲ್ಲಿ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಪೇಜ್ ಆಟ ಬಿಟ್ಟದ್ದು 1981ರಲ್ಲಿ. ಹದಿನೈದು ಋತುಗಳ ಕೆಲಸ ಅಧಿಕೃತ ಪುಸ್ತಕದಲ್ಲಿ ಒಂದೂ ಇಲ್ಲ. ಅವರ ವಿಷಯದಲ್ಲಿ ಇದು ದುರಂತವಾಗಲಿಲ್ಲ, ಏಕೆಂದರೆ ಅವರು ತಮ್ಮ ಬದುಕನ್ನು ಆ ಪುಸ್ತಕಕ್ಕೆ ಒತ್ತೆಯಿಟ್ಟಿರಲಿಲ್ಲ. ಆಡುತ್ತಿದ್ದಾಗಲೇ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. 1993ರಿಂದ 2015ರವರೆಗೆ ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು, ಎಪ್ಪತ್ತು ತುಂಬಿದಾಗ ನಿವೃತ್ತರಾದರು. ತಡೆಯುವವನಿಗೆ ತಾಳ್ಮೆ ಬೇಕು, ಎದುರಿನವನ ಮುಂದಿನ ಹೆಜ್ಜೆಯನ್ನು ಓದುವ ಬುದ್ಧಿ ಬೇಕು. ಆ ಬುದ್ಧಿಗೆ ಎರಡನೆಯ ಬದುಕೊಂದನ್ನು ಕಟ್ಟಿಕೊಳ್ಳುವ ಅವಕಾಶ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಪೇಜ್ ಸಾಕ್ಷಿ.

ಅವಕಾಶ ಸಿಗದವರ ಕಥೆಯೂ ಅಲ್ಲಿಯೇ ಇದೆ. 1985ರ ಋತುವಿನಲ್ಲಿ ಶಿಕಾಗೋ ಬೇರ್ಸ್ ಪ್ರಶಸ್ತಿ ಗೆದ್ದಾಗ ಅದರ ರಕ್ಷಣೆಯಲ್ಲಿದ್ದ ಡೇವ್ ಡ್ಯೂರ್ಸನ್ 2011ರ ಫೆಬ್ರವರಿಯಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ತಮ್ಮ ಮೆದುಳನ್ನು ಸಂಶೋಧನೆಗೆ ಕೊಡಬೇಕೆಂದು ಅವರು ಹೇಳಿಹೋಗಿದ್ದರು. ಮರುವರ್ಷ ಅದೇ ರೀತಿ ತೀರಿಕೊಂಡ ಜೂನಿಯರ್ ಸೆಯು ಕೂಡ ರಕ್ಷಣಾ ಆಟಗಾರರೇ. ಇಬ್ಬರ ಮೆದುಳಿನಲ್ಲಿಯೂ, ತಲೆಗೆ ಪದೇಪದೇ ಬಿದ್ದ ಪೆಟ್ಟುಗಳಿಂದ ಬರುವ, ಮೆದುಳು ಕ್ಷೀಣಿಸುವ ರೋಗವನ್ನು ತಜ್ಞರು ಗುರುತಿಸಿದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ದಾನವಾಗಿ ಬಂದ 111 ಮಾಜಿ ವೃತ್ತಿಪರ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಈ ರೋಗದ ಗುರುತು ಕಂಡರು. ಲಕ್ಷಣಗಳಿದ್ದವರ ಕುಟುಂಬಗಳೇ ಹೆಚ್ಚಾಗಿ ದಾನಕ್ಕೆ ಮುಂದೆ ಬರುವುದರಿಂದ ಆ ಅನುಪಾತವನ್ನು ಎಲ್ಲ ಆಟಗಾರರಿಗೂ ಹೊಂದಿಸಲಾಗದು. ಆದರೂ ಅದು ತಳ್ಳಿಹಾಕುವಂಥ ಸಂಖ್ಯೆಯಲ್ಲ. ಮಾಜಿ ಆಟಗಾರರು ಒಟ್ಟುಗೂಡಿ ನ್ಯಾಯಾಲಯಕ್ಕೆ ಹೋದ ಮೇಲೆ, 2015ರಲ್ಲಿ, ಸುಮಾರು ನೂರು ಕೋಟಿ ಡಾಲರ್ ಮೊತ್ತದ ಪರಿಹಾರ ಒಪ್ಪಂದಕ್ಕೆ ಅನುಮೋದನೆ ದೊರೆಯಿತು. ಲೆಕ್ಕ ಇಟ್ಟವರಿಗೆ ಪರಿಹಾರ ಕೇಳುವ ದಾರಿ ಇತ್ತು. ಎಷ್ಟು ಪಂದ್ಯ ಆಡಿದ, ಯಾವ ದಿನ ಪೆಟ್ಟು ತಿಂದ ಎಂಬ ದಾಖಲೆಯೇ ಇಲ್ಲದವನು ಯಾರ ಬಳಿ ಏನೆಂದು ಕೇಳಬೇಕು?

ಕಬಡ್ಡಿಯನ್ನೂ ಅಮೆರಿಕನ್ ಫುಟ್‌ಬಾಲನ್ನೂ ಹೀಗೆ ಹೋಲಿಸಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ನೂರು ಕಿಲೋ ಮೀರಿದ ದೇಹಗಳು ದೂರದಿಂದ ಓಡಿಬಂದು ಶಿರಸ್ತ್ರಾಣ ಸಮೇತ ಗುದ್ದಿಕೊಳ್ಳುವ ಆಟ ಅದು. ಕಬಡ್ಡಿಯಲ್ಲಿ ಅಷ್ಟು ಓಟವೂ ಇಲ್ಲ, ಅಷ್ಟು ಭಾರವೂ ಇಲ್ಲ. ಅಲ್ಲಿನ ರೋಗವೇ ಇಲ್ಲಿಯೂ ಇದೆ ಎಂದು ನಾವು ಹೇಳುತ್ತಿಲ್ಲ. ನಾವು ಹೇಳುವುದು ಇಷ್ಟೇ: ಎರಡೂ ಆಟಗಳಲ್ಲಿ ಹಿಡಿಯುವವನು ತಲೆ ತಗ್ಗಿಸಿ ಇನ್ನೊಬ್ಬನ ಚಲಿಸುವ ಮೊಣಕಾಲಿಗೆ ಎದುರಾಗುತ್ತಾನೆ, ಎರಡರಲ್ಲೂ ಅವನ ಬೆರಳು, ಭುಜ, ಮೊಣಕಾಲು, ಕುತ್ತಿಗೆಗಳು ಅವನ ಬಂಡವಾಳ, ಎರಡರಲ್ಲೂ ಆ ಬಂಡವಾಳ ಕರಗುವುದು ಮೊದಲು, ಹೆಸರು ಬರುವುದು ಆಮೇಲೆ, ಬಂದರೆ. ತಲೆಯನ್ನೇ ಆಯುಧ ಮಾಡಿಕೊಂಡು ಗುದ್ದುವುದನ್ನು ಅಮೆರಿಕದ ಶಾಲೆ ಕಾಲೇಜುಗಳ ಆಟದಲ್ಲಿ 1976ರಲ್ಲಿಯೇ ನಿಷೇಧಿಸಲಾಯಿತು. ನಿಯಮ ಬದಲಾಗುವುದಕ್ಕೆ ಮೊದಲು ಗಾಯಗಳನ್ನು ಯಾರೋ ಎಣಿಸಿದ್ದರು.

ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದ ಪಂದ್ಯದಲ್ಲಿ ಬಫಲೋ ಬಿಲ್ಸ್ ತಂಡದ ರಕ್ಷಣಾ ಆಟಗಾರ ಡಮಾರ್ ಹ್ಯಾಮ್ಲಿನ್ ಎದುರಾಳಿಯೊಬ್ಬನನ್ನು ಕೆಡವಿ, ಎದ್ದು ನಿಂತು, ಮರುಕ್ಷಣ ಕುಸಿದರು. ಹೃದಯ ನಿಂತಿತ್ತು. ತಂಡದ ಸಹಾಯಕ ಸಿಬ್ಬಂದಿ ಅಂಗಳದಲ್ಲಿಯೇ ಎದೆಯೊತ್ತಿ ಸಿಪಿಆರ್ ಕೊಟ್ಟರು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಕೈಗೆಟುಕುವಲ್ಲಿತ್ತು, ಆಂಬುಲೆನ್ಸ್ ಅಂಗಳದೊಳಕ್ಕೇ ಬಂತು. ಒಂಬತ್ತು ದಿನಗಳಲ್ಲಿ ಅವರು ಆಸ್ಪತ್ರೆಯಿಂದ ಬಿಡುಗಡೆಯಾದರು. ಅದೇ ವರ್ಷದ ಮುಂದಿನ ಋತುವಿನಲ್ಲಿ ಮತ್ತೆ ಆಡಿದರು. ಅದಕ್ಕೆ ಐದಾರು ತಿಂಗಳ ಹಿಂದೆ, 2022ರ ಜುಲೈಯಲ್ಲಿ, ತಮಿಳುನಾಡಿನ ಕಡಲೂರು ಜಿಲ್ಲೆಯ ಗ್ರಾಮವೊಂದರ ಕಬಡ್ಡಿ ಪಂದ್ಯದಲ್ಲಿ ದಾಳಿಗೆ ಹೋದ ಇಪ್ಪತ್ತೆರಡರ ಯುವಕನೊಬ್ಬ ಹಿಡಿತಕ್ಕೆ ಸಿಕ್ಕು ನೆಲಕ್ಕೆ ಬಿದ್ದ. ಏಳಲು ಹೋಗಿ ಮತ್ತೆ ಕುಸಿದ. ಆಸ್ಪತ್ರೆಗೆ ಸೇರಿಸಿದರೂ ಜೀವ ಉಳಿಯಲಿಲ್ಲ. ಎರಡೂ ಕಡೆ ಆಟ ನಿಯಮದೊಳಗೇ ನಡೆದಿತ್ತು. ಒಂದು ಕಡೆ ಕುಸಿದವನ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿದ ಮನುಷ್ಯ ಕೆಲವೇ ಕ್ಷಣಗಳಲ್ಲಿ ಇದ್ದ. ಕಡಲೂರಿನ ಸುದ್ದಿಯಲ್ಲಿ ಪ್ರಾಣ ಬಿಟ್ಟವನ ಬಗ್ಗೆ ನಾವೆಲ್ಲ ಮರುಗಿದೆವು. ಅವನನ್ನು ಹಿಡಿದ ಹುಡುಗನ ಬಗ್ಗೆಯೂ ಒಂದು ಕ್ಷಣ ಯೋಚಿಸಬೇಕು. ಯಾವ ತಪ್ಪನ್ನೂ ಮಾಡದೆ ಅವನು ಹೊತ್ತುಕೊಂಡ ಭಾರಕ್ಕೆ ಯಾವ ಅಂಕಪಟ್ಟಿಯಲ್ಲೂ ಅಂಕಣವಿಲ್ಲ.

ನಮ್ಮ ದೇಶದಲ್ಲಿ ಕಬಡ್ಡಿ ಆಟಗಾರನಿಗೆ ಎರಡನೆಯ ಬದುಕನ್ನು ಕೊಟ್ಟಿದ್ದು ಬಹುಕಾಲ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು, ತೈಲ ಕಂಪನಿಗಳ ತಂಡಗಳು ಆಟಗಾರರನ್ನು ಸಾಕಿದವು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ಮಹಿಳಾ ತಂಡದ ನಾಯಕಿಯಾದರು, ಏಷ್ಯನ್ ಕ್ರೀಡಾಕೂಟದಲ್ಲಿ 2010 ಮತ್ತು 2014ರಲ್ಲಿ ಚಿನ್ನ ಗೆದ್ದರು, ಅರ್ಜುನ ಪ್ರಶಸ್ತಿ ಪಡೆದರು. ಅವರಿಗೆ ನೆಲೆ ಸಿಕ್ಕಿದ್ದು ತವರಿನಲ್ಲಲ್ಲ, ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ ಆದರು. ಕರ್ನಾಟಕದ ಬಿ.ಸಿ. ರಮೇಶ್ ಆಟ ಮುಗಿದ ಮೇಲೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ 2024ರಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಪ್ರಶಸ್ತಿ ತಂದುಕೊಟ್ಟರು. ಇವು ಹೆಮ್ಮೆಯ ಉದಾಹರಣೆಗಳು. ಆದರೆ ಇವು ಶಿಖರದಲ್ಲಿ ನಿಂತವರ ಕಥೆಗಳು ಎಂಬುದನ್ನು ಮರೆಯಬಾರದು. ನೌಕರಿ ಸಿಗಬೇಕಾದರೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಸಿಗಬೇಕಾದರೆ ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ಆಯ್ಕೆಗಾರರ ಕಣ್ಣಿಗೆ ಮೊದಲು ಬೀಳುವವನು ದಾಳಿಗಾರ. ಎಣಿಕೆಯಲ್ಲಿ ಆಗುವ ಸಣ್ಣ ಅನ್ಯಾಯ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅನ್ನದ ತಟ್ಟೆಯವರೆಗೆ ಬರುತ್ತದೆ.

ಇದಕ್ಕೆ ಉತ್ತರವನ್ನು ಹೊರದೇಶದಲ್ಲಿಯೇ ಹುಡುಕಬೇಕಾಗಿಲ್ಲ. ನಮ್ಮ ಪೂರ್ವಜರು ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದ್ದರು. ಕನ್ನಡ ನಾಡಿನ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಬಹಳಷ್ಟು ತುರುಗೊಳ್‌ಗೆ ಸಂಬಂಧಿಸಿದವು. ಶತ್ರುಗಳು ಊರ ದನಗಳನ್ನು ಅಟ್ಟಿಕೊಂಡು ಹೋಗಲು ದಾಳಿಯಿಟ್ಟಾಗ ಅಡ್ಡನಿಂತು, ತುರುಗಳನ್ನು ಬಿಡಿಸಿ, ಪ್ರಾಣ ಕೊಟ್ಟವನಿಗಾಗಿ ನಿಲ್ಲಿಸಿದ ಕಲ್ಲುಗಳು ಅವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ, ಮೇಲೆ ಶಿವಸನ್ನಿಧಿ. ದಾಳಿಯಿಟ್ಟವನು ಆ ಕಲ್ಲಿನಲ್ಲಿ ಕೇವಲ ಸಂದರ್ಭ, ತಡೆದವನು ಕಥಾನಾಯಕ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಅತಿ ಹಳೆಯ ಶಾಸನವೂ, ಸುಮಾರು ಕ್ರಿ.ಶ. 890ರ ಬೇಗೂರಿನ ಕಲ್ಲು, ಕಾಳಗವೊಂದರಲ್ಲಿ ಮಡಿದವನ ನೆನಪಿಗೆಂದೇ ನಿಂತದ್ದು. ಇಡೀ ಮಹಾನಗರದ ಹೆಸರು ಬದುಕಿ ಉಳಿದದ್ದು ಬಿದ್ದವನೊಬ್ಬನ ಹೆಸರಿನ ಆಸರೆಯಲ್ಲಿ. ಮಹಾರಾಷ್ಟ್ರದಲ್ಲಿಯೂ ಇಂಥ ಕಲ್ಲುಗಳಿವೆ. ಮರಾಠಿಗರು ಅವನ್ನು ‘ವೀರಗಳ’ ಎನ್ನುತ್ತಾರೆ. ಆ ಪದದ ಕೊನೆಯಲ್ಲಿ ನಮ್ಮ ‘ಕಲ್ಲು’ ಇನ್ನೂ ಉಸಿರಾಡುತ್ತಿದೆ.

ಪೂರ್ವಜರು ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ ಎಂಬುದು ಇನ್ನೂ ಮುಖ್ಯ. ಹೀಗೆ ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಇತ್ತು. ಶಾಸನಗಳು ಅದನ್ನು ‘ನೆತ್ತರುಗೊಡಗೆ’ ಎಂದು ಕರೆಯುತ್ತವೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ಇಂದು ನಾವು ವಿಮೆ, ಪರಿಹಾರ, ಪಿಂಚಣಿ ಎಂದು ಬೇರೆ ಬೇರೆ ಹೆಸರಿನಿಂದ ಕರೆಯುವುದನ್ನು ಅವರು ಒಂದೇ ಪದದಲ್ಲಿ ಹೇಳಿದರು. ಊರಿಗಾಗಿ ಅಡ್ಡನಿಂತವನ ಮನೆಗೆ ಊರೇ ಹೊಣೆ ಎಂಬ ಒಪ್ಪಂದ ಆ ಪದದಲ್ಲಿದೆ. ಯುದ್ಧಕ್ಕೂ ಆಟಕ್ಕೂ ವ್ಯತ್ಯಾಸವಿದೆ. ಆಟದಲ್ಲಿ ಯಾರೂ ಸಾಯಬಾರದು, ಯಾರೂ ಹುತಾತ್ಮರಾಗಬೇಕಾಗಿಲ್ಲ. ಆದರೆ ಊರ ಹೆಸರಿನ ಅಂಗಿ ತೊಟ್ಟು, ಸಂಘದ ಬಾವುಟದಡಿ ಆಡುವವನ ಮೈಗೆ ಊರೂ ಸಂಘವೂ ಹೊಣೆ ಎಂಬ ತತ್ತ್ವ ಎರಡು ಕಡೆಯೂ ಸಲ್ಲುತ್ತದೆ. ಕಲ್ಲು ನೆನಪಿಗೆ, ಕೊಡುಗೆ ಬದುಕಿಗೆ. ಎರಡರಲ್ಲಿ ಒಂದಿಲ್ಲದಿದ್ದರೂ ಗೌರವ ಅರೆಬರೆ.

ಹೊರನಾಡ ಕನ್ನಡ ಸಂಘಗಳ ಮುಂದೆ ಈ ಹಿನ್ನೆಲೆಯಲ್ಲಿ ಮೂರು ಮಾತುಗಳನ್ನಿಡುತ್ತೇವೆ. ನಮ್ಮಲ್ಲಿ ರಾಜ್ಯೋತ್ಸವಕ್ಕೆ ಕವಿಗೋಷ್ಠಿ ನಡೆಯುತ್ತದೆ, ಯಕ್ಷಗಾನ ನಡೆಯುತ್ತದೆ, ಹಲವೆಡೆ ಕಬಡ್ಡಿಯೂ ನಡೆಯುತ್ತದೆ. ಕವಿಗೋಷ್ಠಿಗೆ ಧ್ವನಿವರ್ಧಕವಿಲ್ಲದೆ ನಾವು ಆರಂಭಿಸುವುದಿಲ್ಲ. ಕಬಡ್ಡಿಗೂ ಅಂಥದೇ ಒಂದು ಕಟ್ಟುನಿಟ್ಟು ಬೇಕು. ಎದೆಯೊತ್ತಿ ಉಸಿರು ಮರಳಿಸುವುದನ್ನು ಕಲಿತ ಇಬ್ಬರಾದರೂ ಅಂಗಳದ ಪಕ್ಕದಲ್ಲಿ ಇರಬೇಕು. ಗಾಯಾಳುವನ್ನು ಸಾಗಿಸುವ ವಾಹನ ಚಾಲಕನ ಸಮೇತ ಸಿದ್ಧವಿರಬೇಕು. ಹತ್ತಿರದ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿರಬೇಕು. ಇವು ಇಲ್ಲದಿದ್ದರೆ ನಾಣ್ಯ ಚಿಮ್ಮಬಾರದು. ತಲೆಗೆ ಪೆಟ್ಟು ಬಿದ್ದವನು ಅಂದು ಮತ್ತೆ ಅಂಗಳಕ್ಕಿಳಿಯಬಾರದು, ಅವನೇ ಹಟ ಹಿಡಿದರೂ. ನಿಫಾಡದ ಚಳಿ ಮಹಾರಾಷ್ಟ್ರದಲ್ಲೇ ಹೆಸರಾದದ್ದು. ಡಿಸೆಂಬರ್ ರಾತ್ರಿಯಲ್ಲಿ ಮೈ ಬಿಸಿಯಾಗದೆ ಗಟ್ಟಿ ನೆಲಕ್ಕೆ ಹಾರುವ ಹುಡುಗನ ಭುಜ ಯಾರ ಬಹುಮಾನಕ್ಕೂ ಕಾಯುವುದಿಲ್ಲ. ಬಹುಮಾನದ ಮೊತ್ತದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಆಡುವವರೆಲ್ಲರಿಗೂ ಅಪಘಾತ ವಿಮೆ ಮಾಡಿಸಿದರೆ ಟ್ರೋಫಿ ಸ್ವಲ್ಪ ಚಿಕ್ಕದಾಗಬಹುದು. ಆಗಲಿ. ಅದು ನಮ್ಮ ಕಾಲದ ನೆತ್ತರುಗೊಡಗೆ.

ಎರಡನೆಯದು ಓದು. ಅಲನ್ ಪೇಜ್ ಆಡುತ್ತಲೇ ಓದಿದ್ದು ಅವರೊಬ್ಬರ ಛಲದಿಂದ ಮಾತ್ರ ಆದದ್ದಲ್ಲ. ಓದಲು ಒಂದು ವಿಶ್ವವಿದ್ಯಾಲಯ ಅದೇ ಊರಿನಲ್ಲಿ ಬಾಗಿಲು ತೆರೆದಿಟ್ಟಿತ್ತು. ನಮ್ಮ ಸಂಘಗಳು ಪ್ರತಿಭಾ ಪುರಸ್ಕಾರವನ್ನು ಅಂಕಪಟ್ಟಿ ನೋಡಿ ಕೊಡುತ್ತವೆ, ಕ್ರೀಡಾ ಬಹುಮಾನವನ್ನು ಅಂಗಳ ನೋಡಿ ಕೊಡುತ್ತವೆ. ಎರಡನ್ನೂ ಒಟ್ಟಿಗೆ ನಡೆಸಲು ಹೆಣಗುವ ಹುಡುಗ ಎರಡೂ ಪಟ್ಟಿಗಳಿಂದ ಜಾರಿಹೋಗುತ್ತಾನೆ. ಆಡುವ ಮಕ್ಕಳಿಗೆಂದೇ ಶುಲ್ಕ ನೆರವು, ಪರೀಕ್ಷೆಯ ಕಾಲದಲ್ಲಿ ಪಾಠದ ನೆರವು ಕೊಡುವುದು ಯಾವ ಸಂಘಕ್ಕೂ ಮೀರಿದ ಮಾತಲ್ಲ. ಮೂವತ್ತರ ಆಸುಪಾಸಿನಲ್ಲಿ ಮೊಣಕಾಲು ಸೋತಾಗ ಅವನ ಕೈಯಲ್ಲಿ ಪದವಿಯೊಂದು ಇರಲಿ.

ಮೂರನೆಯದು ನಮ್ಮಂಥ ಬರೆಯುವವರ ಕೆಲಸ. ಕಬಡ್ಡಿಯ ಬಗ್ಗೆ ಕನ್ನಡದಲ್ಲಿ ಪಂದ್ಯದ ವರದಿಗಳು ಬೇಕಷ್ಟಿವೆ. ಆಟಗಾರರ, ಅದರಲ್ಲೂ ಹಿಡಿತಗಾರರ, ಜೀವನಚಿತ್ರಗಳು ವಿರಳ. ಮುಂಬಯಿಯ ಗಿರಣಿಗಳ ಕಾಲದಲ್ಲಿ ಆಡಿದವರು, ಕಾರ್ಖಾನೆಗಳ ತಂಡಗಳಲ್ಲಿ ಆಡಿದವರು, ಬ್ಯಾಂಕು ರೈಲ್ವೆಗಳ ತಂಡಗಳಲ್ಲಿ ಆಡಿದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಯಾವ ಮೂಲೆಯಲ್ಲಿ ನಿಂತು ಆಡಿದರು, ಯಾರ ಕಾಲು ಹಿಡಿದರು, ಯಾವ ಬೆರಳು ಮುರಿದುಕೊಂಡರು, ಆಮೇಲೆ ಹೇಗೆ ಬದುಕಿದರು ಎಂಬುದನ್ನು ಕೇಳಿ ಬರೆದಿಡಬೇಕು. ಊರ ಪಂದ್ಯಗಳ ಅಂಕಪಟ್ಟಿಯಲ್ಲಿಯೂ ಸುಧಾರಣೆ ಸಾಧ್ಯ. ಹಿಡಿತದ ಅಂಕ ಒಬ್ಬನ ಹೆಸರಿಗೇ ಹೋಗಲಿ, ನಿಯಮ ಹಾಗಿದ್ದರೆ. ಜೊತೆಗೆ ಕೈಜೋಡಿಸಿದವರ ಹೆಸರಿಗೂ ಪಕ್ಕದಲ್ಲೊಂದು ಅಂಕಣ ಎಳೆಯಲು ಅಡ್ಡಿಯೇನು? 1982ಕ್ಕೆ ಮುಂಚಿನ ಅಮೆರಿಕದ ಪುಸ್ತಕದಂತೆ ನಮ್ಮ ಪುಸ್ತಕವೂ ಖಾಲಿ ಉಳಿಯಬೇಕಾಗಿಲ್ಲ.

ದಾಳಿಗಾರನ ಕೀರ್ತಿಯನ್ನು ಕಡಿಮೆ ಮಾಡಬೇಕೆಂದು ನಾವು ಬಯಸುವುದಿಲ್ಲ. ಒಬ್ಬಂಟಿಯಾಗಿ ಎದುರಾಳಿಯ ನೆಲಕ್ಕೆ ಕಾಲಿಡುವ ಧೈರ್ಯಕ್ಕೆ ಚಪ್ಪಾಳೆ ಸಲ್ಲಲೇಬೇಕು. ಆದರೆ ಹೊರನಾಡಿನಲ್ಲಿ ಬದುಕುವ ನಾವು ಇನ್ನೊಂದು ಬಗೆಯ ಧೈರ್ಯವನ್ನೂ ಬಲ್ಲೆವು. ಭಾಷೆ, ಮನೆಮಾತು, ನಡಾವಳಿಗಳು ಒಂದೊಂದಾಗಿ ಗೆರೆ ದಾಟಿ ಹೋಗುತ್ತಿರುವಾಗ ನಿಂತಲ್ಲೇ ನಿಂತು ಹಿಡಿದುಕೊಳ್ಳುವ ಧೈರ್ಯ ಅದು. ಮಕ್ಕಳಿಗೆ ಅಕ್ಷರ ಕಲಿಸಿದ ತಾಯಂದಿರು, ಭಾನುವಾರದ ತರಗತಿ ನಡೆಸಿದ ಮೇಷ್ಟ್ರುಗಳು, ಗ್ರಂಥಾಲಯದ ಬೀಗದ ಕೈ ಇಟ್ಟುಕೊಂಡವರು ಎಲ್ಲರೂ ಹಿಡಿತಗಾರರ ಕುಲಕ್ಕೆ ಸೇರಿದವರೇ. ಅವರ ಹೆಸರೂ ಯಾವ ಅಂಕಪಟ್ಟಿಯಲ್ಲೂ ಇಲ್ಲ. ಹಿಡಿಯುವುದರ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರುವ ನವೆಂಬರಿನ ಪಂದ್ಯಗಳಿಗೆ ಸಂಘಗಳು ಸಭೆ ಸೇರಿದಾಗ ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ವಿಮೆಯೂ ಎರಡನೆಯ ಸಾಲಿನಲ್ಲಿ ಆಂಬುಲೆನ್ಸೂ ಬರಲಿ. ಹಾರ ಶಾಲುಗಳ ಸಾಲು ಅವುಗಳ ಕೆಳಗಿರಲಿ.